ಜಾಲಿ ಕಾಲು

ವಾಡಿ ಜಂಕ್ಷನ್ನಿನ ಊಟದ ಕೋಣಿ ಮುಚ್ಚಿದ ವರ್ಷ
ಹರಾಜಿನ್ಯಾಗ ಅಪ್ಪ ಆರು ಕುರ್ಚಿ ಹಿಡದ.
ಹಮಾಲರು ತಲಿಗೊಂದು ಹೊತಗೊಂಡು
ಹಳಿ ದಾಟಿ ಬಂದರು.
ಅವ್ವ ಒಂದನ್ನ ಎರಡ ಬಟ್ಟಿಲೆ ಎತ್ತಿ ನೋಡಿ
"ಇಷ್ಟು ಹಗೂರ ಅವ, ಒಳಗ ಪೊಳ್ಳೇನು?" ಅಂದಳು.

ಪೊಳ್ಳಲ್ಲ, ಬಾಗಿದ್ದವು.
ಒಂದ ಕೋಲು ನೆಲದಿಂದ ಎದ್ದು
ಬೆನ್ನಿಗಿ ಹೊರಳಿ ಮತ್ತ ನೆಲಕ ಇಳದದ,
ಉದ್ದಕ ಎಳದ ಕುದರಿ ಲಾಳ ನೋಡ್ರಿ, ಹಂಗ.
ಹೂವು ಕೆತ್ತಿಲ್ಲ, ಹುಲಿ ಪಾದ ಇಲ್ಲ.
ದೇಸಾಯರ ವಾಡೇದ ಕುರ್ಚಿ ಕಂಡವರು
"ಬಡವರ ಮಾಲು" ಅಂತ ನಕ್ಕರು.
ಡ್ರೈವರ, ಗಾರ್ಡ, ಕಲ್ಲಖಣಿ ಮುನೀಮ
ಅವುಗಳ ಮ್ಯಾಲೇ ಕುಂತು ಪುಂಡಿಪಲ್ಯಾ ರೊಟ್ಟಿ ಉಂಡರು.
ಬೆತ್ತದ ಜಾಳಗಿ ಅವರ ಧೋತರಕ, ಚೊಣ್ಣಕ
ಆರು ಮೂಲಿ ಅಚ್ಚು ಒತ್ತಿ ಡ್ಯೂಟಿಗಿ ಕಳಸತಿತ್ತು.

ಮುರದದ್ದು ದಸ್ತಗೀರ ಗಾರ್ಡನ ನಗಿಗಿ.
ಮುಂಗಾಲು ಎರಡೂ ಗಾಳ್ಯಾಗ ಎತ್ತಿ
ಹಿಂದ ವಾಲಿ ನಗತಿದ್ದ.
ಚಟ್ ಅಂತು.
ನಗು ಮ್ಯಾಲೇ ಉಳೀತು, ಮನಷ್ಯಾ ನೆಲಕ ಬಿದ್ದ.

ಇಂಗಳಗಿ ಮೋನಪ್ಪ ಬಡಿಗ್ಯಾ ಬಂದ.
ಕುರ್ಚಿ ಬೋರಲ ಹಾಕಿ, ಮುರದ ಹಿಂಗಾಲು ಮೂಸಿ,
ನಾಲಿಗಿ ಹಚ್ಚಿ ನೋಡಿ,
"ಥಂಡಿ ದೇಶದ ಗಿಡ ಇದು, ನಮ್ಮ ಬಿಸಲು ಕಂಡಿಲ್ಲ" ಅಂದ.
ಸ್ಕ್ರೂ ಎಣಿಸಿ ಮಾರಿ ಸಿಂಡರಿಸಿದ:
"ಕಟ್ಟಿಗಿಗಿ ಕಟ್ಟಿಗಿ ಕಚ್ಚಿಸೂದು ಗೊತ್ತಿಲ್ಲ, ತಿರುಪು ಹಾಕ್ಯಾರ."
ಬಾಗಿದ ಜಾಗಾ ಮಾತ್ರ ಸವರಿ ಸವರಿ ಸುಮ್ಮಾದ.
"ಉಗಿಯಾಗ ಬೇಯಿಸಿ ಬಗ್ಗಿಸ್ಯಾರ, ಯಪ್ಪಾ.
ನಿಮ್ಮ ಗಾಡಿ ಎಳಿಯೋ ಉಗಿನೇ."

ಅವ್ವನ ಹಂಡೇದಾಗ ಜಾಲಿ ತುಂಡು ಕುದಿಸಿದ.
ಹೊರಗ ತಗದು ಮೊಣಕಾಲಿಗಿ ಒತ್ತಿದರ
ಬಂದೂಕ ಹೊಡದಂಗ ಸೀಳಿತು.
ಎರಡನೇದೂ ಸೀಳಿತು.
ಹಂಡೆ ಒಂದು ತಿಂಗಳ ಒಗರು ನಾರತಿತ್ತು.
"ಹೇಳಿದಂಗ ಬಾಗೂ ಜಾತಿ ಅಲ್ಲಿದು" ಅಂದ,
ಹೆಮ್ಮಿಲೇ ಅಂದ ಅನಸತದ.

ಆಮ್ಯಾಲೆ ಒಂದು ತಂತಿ, ಗಟ್ಟಿ ಇದ್ದ ಕಾಲಿಗಿ ಹಿಡದು ಬಗ್ಗಿಸಿ,
ಅದನ್ನ ಕೈಯಾಗ ಹಿಡಕೊಂಡು
ಕಾಗಿಣಾ ದಂಡಿಗುಂಟ ಹೊಂಟ.
ನೇಗಲಾ ಮಾಡೂ ಮಂದಿ ಅವರು.
ಬಾಗು ಮೊದಲು ಗಿಡದಾಗ ನೋಡತಾರ,
ಬಾಚಿ ಆಮ್ಯಾಲೆ ಎತ್ತತಾರ.
ಹದಿನೇಳು ದಿನ, ಕಂಡ ಕಂಡ ಜಾಲಿಗೆಲ್ಲಾ ತಂತಿ ಹಿಡದ.
ಆಡು ಮೇಸೂ ಹುಡುಗೂರು ಹುಚ್ಚ ಮೋನಪ್ಪ ಅಂತ ಬೆನ್ನ ಹತ್ತಿದರು.
ಕಡೀಕ ಅವರ ಕೂಡ ಬಂದ ಒಬ್ಬಾಕಿ ಹುಡುಗಿ
ಪಾಳು ಬಾವಿ ಮ್ಯಾಲಿನ ಟೊಂಗಿ ತೋರಿಸಿದಳು.
ಗಾಳಿಗಿ ಬಾಗಿತ್ತೋ, ನೀರು ನೋಡಲಾಕ ಬಾಗಿತ್ತೋ,
ತಂತಿಗೂ ಅದಕೂ ಕೂದಲೆಳಿ ಫರಕಿಲ್ಲ.

ಕೂಲಿ: ಒಂದು ತಿಂಗಳ ಎರಡ್ಹೊತ್ತಿನ ಊಟ.
ಅದೂ ಆ ಕುರ್ಚಿ ಮ್ಯಾಲೇ.

ಹೋದ ವರ್ಷ ಸಿಕಂದರಾಬಾದಿನಿಂದ ಒಬ್ಬಾತ ಬಂದ,
ಜೇಬಿನ್ಯಾಗ ಟಾರ್ಚು.
ಉಣ್ಣಲಾಕ ಕುಂತವ ತಾಟು ಬಿಟ್ಟು ಕುರ್ಚಿ ಬುಡಕ ಹೊಕ್ಕ.
ಹರದ ಚೀಟಿ ಓದಿ, "ವಿಯೆನ್ನಾ" ಅಂದ.
ನೂರಿಪ್ಪತ್ತು ವರ್ಷದ ಹಿಂದ ಆ ಊರಾಗ ಕೆಲವರು
ಕೆತ್ತನಿ ಸಾಕು, ಗೆರಿ ಒಂದ ಇರಲಿ ಅಂತ
ಹಳೇ ಉಸ್ತಾದರ ಕೂಡ ಜಗಳಾಡಿ ಹೊರಬಿದ್ದರಂತ.
ಆ ಕಾಲದವು ಇವು, ಅಮ್ಮಾ.
ಐದಕ್ಕ ಅವ ಹೇಳಿದ ರೊಕ್ಕ ಕೇಳಿ
ನಾ ಗಲ್ಲಾಪೆಟಗಿ ಹಿಡಕೊಂಡೆ.
ಆರನೇದಕ್ಕ ಉಗುರಿಲೆ ಬಡದು
"ಇದು ಕೆಟ್ಟದ" ಅಂದ.

ಐದೂ ಕೊಟ್ಟೆ. ಸುಳ್ಳ್ಯಾಕ ಹೇಳಲಿ, ಅಳು ಬರಲಿಲ್ಲ.
ಮಾಳಗಿ ಪತ್ರಾ ಬದಲಾದವು, ಫ್ರಿಜ್ಜು ಬಂತು,
ಇಪ್ಪತ್ತು ಕೆಂಪು ಪ್ಲಾಸ್ಟಿಕ್ ಕುರ್ಚಿ ಬಂದವು.
ಅವೂ ಬಾಗತಾವ, ದಪ್ಪನವರು ಕುಂತರ.

ಆರನೇದು ಗಲ್ಲಾದ ಹಿಂದ ಅದ, ನನ್ನ ಕೆಳಗ.
ಮೂರು ಕಾಲಿಗಿ ಇಲ್ಲಿಯ ಹವಾ ಇನ್ನಾ ತಿಳದಿಲ್ಲ.
ನಾಕನೇದಕ್ಕ ಮಳಿ ಮೊದಲೇ ಗೊತ್ತಾಗತದ,
ಒಂದು ಎಳಿ ಉಬ್ಬತದ, ಕುರ್ಚಿ ಕುಣೀತದ.
ಆಗ ಒಂದು ಪ್ಲಾಟಫಾರ್ಮ್ ಟಿಕೀಟು ನಾಕು ಮಡಚಿ
ಬಾಜೂದ ಕಾಲಿಗಿ ಕೊಡತೀನಿ.
ದಸರಾ ಆದ ಮ್ಯಾಲೆ ತಗೀತೀನಿ.